ಮುನ್ನೂರ ಎಂಬತ್ತೇಳು

ಐನೂರು ಬೇಕು, ಅಂದ ಡ್ವೇನ್ ಪೆಟ್ರಾಕ್
ಬಾಗಿಲಲ್ಲೇ ನಿಂತು, ಬೂಟಿನ ಹಿಮ ಕೊಡವುತ್ತ,
ಸಕ್ಕರೆಯೋ ಮೊಳೆಯೋ ಕೇಳುವವನ ಹಾಗೆ.

ಮೊದಲು ಇರುವುದೆಷ್ಟು ನೋಡೋಣ ಅಂದೆ.
ಅವನ ಕಪ್ಪು ಕಾರನ್ನು ಉರುಳೆಗಳ ಮೇಲೆ ಹತ್ತಿಸಿ
ನೆಲದ ಕೊಂಡಿಗಳಿಗೆ ನಾಲ್ಕು ಪಟ್ಟಿ ಬಿಗಿದು
ಕಿವಿ ಮುಚ್ಚಿಕೊಂಡು ಒತ್ತಿದೆ.
ಇದ್ದಲ್ಲೇ ನೂರಮೂವತ್ತು ಮೈಲಿ ವೇಗ.
ತಗಡಿನ ಗೋಡೆಯ ಸ್ಪ್ಯಾನರುಗಳೆಲ್ಲ
ಚಳಿಜ್ವರದ ಹಲ್ಲಿನಂತೆ ಕಟಕಟ.
ಮುನ್ನೂರ ಎಂಬತ್ತೇಳು, ಚಕ್ರದ ಲೆಕ್ಕದಲ್ಲಿ.
ಕಾಗದ ಹಿಡಿದು ನಿಂತ ಡ್ವೇನ್,
ಫೇಲಾದ ಹುಡುಗನ ಮುಖ.

ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಕೆಲಸ,
ಒಹಾಯೊದ ಮಿಡ್ಲ್‌ಫೀಲ್ಡಿನ ಈ ಶೆಡ್ಡಿನಲ್ಲಿ
ಗಂಡಸರು ತಂದ ಸದ್ದನ್ನು ತೂಗಿ ಅಂಕಿ ಬರೆದುಕೊಡುವುದು.
ಸಾಕು ಅಂದವನನ್ನು ಇನ್ನೂ ಕಂಡಿಲ್ಲ.

ಆಗಲೇ ಒಳಬಂದ ಏಡನ್ ಬೈಲರ್,
ಹೆಗಲಲ್ಲಿ ಗಾಡಿಯ ಮುರಿದ ಅಚ್ಚು, ಬೆಸುಗೆಗೆ.
ಆಮಿಶ್ ಮಂದಿ. ಕಾರು ಇಟ್ಟುಕೊಳ್ಳುವುದಿಲ್ಲ,
ಕಾರಿನ ಮಾತಿಗೆ ಕಿವಿ ಕೊಡದೆಯೂ ಇರುವುದಿಲ್ಲ.
‘ಎಷ್ಟು ಕುದುರೆ, ಲುಡ್ಮಿಲಾ?’
ಹೇಳಿದೆ.
ಗಡ್ಡ ನೀವಿಕೊಂಡ. ‘ಲಾಯ ದೊಡ್ಡದೇ ಬೇಕಾದೀತು.’
ಡ್ವೇನ್ ನಗಲಿಲ್ಲ.

ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು
ಅವನ ಕಾರಿಗೆ ಸಿಕ್ಕಿಸಿ ಕಳಿಸಿದೆ.
ಒಂದು ವಾರ ಓಡಿಸು, ಆಮೇಲೆ ಐನೂರು.

ವಾರ ಕಳೆದು ಪೆಟ್ಟಿಗೆ ಬಾಯಿಬಿಟ್ಟಿತು.
ಸಮರಸ್ತೆ, ಅರವತ್ತು ಮೈಲಿ ವೇಗ: ಹದಿನೆಂಟು ಕುದುರೆ.
ಮಂಗಳವಾರ ಎದುರುಗಾಳಿ, ಇಪ್ಪತ್ತೈದು.
ಕಾಫಿ ಕಿಟಕಿಯ ಸಾಲಿನಲ್ಲಿ ಹನ್ನೊಂದು ನಿಮಿಷ
ಬರೀ ಉಸಿರಾಟ.
ಹೆದ್ದಾರಿ ಸೇರುವ ಏರು, ಬೆನ್ನಿಗೆ ಮರದ ದಿಮ್ಮಿಯ ಲಾರಿ:
ನೂರನಲವತ್ತು. ಐದು ಸೆಕೆಂಡು. ಅಷ್ಟೆ.
ಗುರುವಾರ ಬೆಳಿಗ್ಗೆ ನಾಲ್ಕು ಮೈಲಿ ಉದ್ದಕ್ಕೂ
ಎರಡೋ ಮೂರೋ.
‘ಇಲ್ಲೇನಾಯಿತು?’
‘ಮುಂದೆ ಗಾಡಿ. ದಾಟಲು ಜಾಗವಿರಲಿಲ್ಲ.’
ಅವನ ಮುನ್ನೂರ ಎಂಬತ್ತೇಳು ಕುದುರೆಗಳು
ಒಂದು ಕುದುರೆಯ ಬಾಲ ನೋಡುತ್ತ
ಲದ್ದಿ ತಪ್ಪಿಸಿ ನಡೆದಿದ್ದವು.

ಇನ್ನೊಂದು ಗೆರೆಯಿತ್ತು.
ಭಾನುವಾರ ರಾತ್ರಿ ಹನ್ನೊಂದೂವರೆ.
ನೆಟ್ಟಗೆ ಮೇಲಕ್ಕೆ, ಪೂರಾ, ಒಂದೂ ಉಳಿಯದ ಹಾಗೆ,
ನಾಲ್ಕು ಸೆಕೆಂಡು.
ಆಮೇಲೆ ಬ್ರೇಕು.
ಆಮೇಲೆ ಇಪ್ಪತ್ತು ನಿಮಿಷ
ಎಂಜಿನ್ ಆರಿಸದೆ ನಿಂತೇ ಇದ್ದ ಕಾರು.
ನಾನು ಕೇಳಲಿಲ್ಲ. ಅವನು ಆ ಪುಟ ಮಗುಚಿದ.

ರಸ್ತೆಗೆ ಬೇಕಾದ್ದು ನೂರೈವತ್ತು ಅಂದೆ,
ಧಾರಾಳವಾಗಿ ಅಳೆದರೂ.
ಮಿಕ್ಕದ್ದು ನಿನಗೆ ಬೇಕಾದ್ದು.
ಅದನ್ನು ತೂಗುವ ಉರುಳೆ ನನ್ನಲ್ಲಿಲ್ಲ.
ದುಡ್ಡಿದ್ದರೆ ಮೊದಲು ಟೈರು, ಬ್ರೇಕು.

ಅಚ್ಚು ಒಯ್ಯಲು ಬಂದ ಬೈಲರ್
ಬೆಸುಗೆಯ ಮೇಲೆ ಹೆಬ್ಬೆರಳಾಡಿಸಿದ.
ಇದು ಮುರಿದದ್ದು ಹೇಗೆ ಗೊತ್ತಾ, ಅಂದ.
ಬೇಲಿಯಿಂದ ಹಾರಿಬಂತು ಒಂದು ಪ್ಲಾಸ್ಟಿಕ್ ಚೀಲ.
ನನ್ನ ಹೆಣ್ಣುಕುದುರೆ ಬೆದರಿತು.
ಆ ಗಳಿಗೆ ಅದು ಒಂದು ಕುದುರೆಯಾಗಿರಲಿಲ್ಲ,
ಹತ್ತಾಗಿತ್ತು, ಹದಿನೈದೂ ಇದ್ದೀತು.
‘ಅಷ್ಟೂ ಎಲ್ಲಿತ್ತು?’ ಡ್ವೇನ್ ಕೇಳಿದ,
ನಿಜವಾಗಿ ತಿಳಿಯಬೇಕೆಂದು.
‘ಒಳಗೇ. ಹನ್ನೆರಡು ವರ್ಷದಲ್ಲಿ ನಾನು ಕೇಳಿರಲಿಲ್ಲ.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಬ್ರೇಕಿಗೆ ಎಷ್ಟಾಗುತ್ತೆ, ಅಂದ ಡ್ವೇನ್.
ಹೇಳಿದೆ.
ಬಾಗಿಲವರೆಗೆ ಹೋಗಿ ತಿರುಗಿ, ತಗ್ಗಿದ ದನಿಯಲ್ಲಿ,
ಮತ್ತೆ ಐನೂರಕ್ಕೆ?
ಎರಡನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟೆ.

ಹೊರಗೆ, ಬೈಲರನ ಅಣ್ಣನ ಗಾಡಿಗೆ ಕಟ್ಟಿದ್ದ ಅದೇ ಕುದುರೆ
ಹಿಂಗಾಲೊಂದನ್ನು ಸಡಿಲಿಸಿ
ಅರೆಗಣ್ಣಲ್ಲಿ ನಿಂತಿತ್ತು,
ಬೆನ್ನ ಮೇಲೆ ಹಿಮ ಕರಗುತ್ತ.